ಸ್ಟೆಪ್ ಹಾಕಿಸುವ ಮುಂಚೆ ಅಮ್ಮನನ್ನು ಕೇಳು

ಹೊಸ ಗಾಡಿ ಬಂದದ್ದು ಸಂತೋಷ ಮಾರಾಯ. ಡಬಲ್ ಕ್ಯಾಬಿನ್ ತೆಗೆದುಕೊಂಡದ್ದು ಇನ್ನೂ ಒಳ್ಳೆಯದಾಯಿತು. ನಮ್ಮ ಮೂಡಿಗೆರೆ ಕಡೆಯ ತೋಟದವರಿಗೆ ಹಿಂದೆ ಗೊಬ್ಬರದ ಚೀಲ, ಮುಂದೆ ಮನೆಮಂದಿ ಎರಡೂ ಹಿಡಿಸಬೇಕು. ಸೈಡ್ ಸ್ಟೆಪ್ ಹಾಕಿಸಬೇಕೆಂದು ನಾಲ್ಕೈದು ಫೋಟೋ ಕಳಿಸಿದ್ದೀಯಲ್ಲ, ಎಲ್ಲವೂ ನೋಡಲು ಚಂದವೇ. ಆದರೆ ನೀನು ಸ್ಟೆಪ್ ಇಲ್ಲದಿದ್ದರೂ ಒಂದೇ ನೆಗೆತಕ್ಕೆ ಹತ್ತಿ ಕೂರುವವನು. ಅದು ಬೇಕಾಗಿರುವುದು ನಿನ್ನ ಅಮ್ಮನ, ಅಂದರೆ ನಮ್ಮ ಅತ್ತಿಗೆಯ ಮಂಡಿಗೆ. ಫೋಟೋ ನೋಡಿ ಆರಿಸಬೇಡ, ಅಮ್ಮನನ್ನು ಗಾಡಿ ಪಕ್ಕ ನಿಲ್ಲಿಸಿ ಆರಿಸು.

ಅಂಗಳದಲ್ಲಿ ಬಾಗಿಲ ಪಕ್ಕ ಇಟ್ಟಿಗೆ ಒಟ್ಟಿ, ಮೇಲೊಂದು ಹಲಗೆ ಇಡು. ಅಲುಗದ ಹಾಗೆ ನೋಡಿಕೋ. ಅವರು ಅದರ ಮೇಲೆ ಕಾಲಿಟ್ಟು ಹತ್ತಲಿ, ಇಳಿಯಲಿ. ಒಂದು ಇಟ್ಟಿಗೆ ತೆಗೆದು ನೋಡು, ಒಂದು ಸೇರಿಸಿ ನೋಡು. ಮನೆ ಮೆಟ್ಟಿಲಿನ ಎತ್ತರ ಆರೇಳು ಇಂಚು. ಗಾಡಿಯಲ್ಲಿ ಅಷ್ಟು ತಗ್ಗಿಸಲು ಹೋದರೆ ತೋಟದ ದಾರಿಯಲ್ಲಿ ಚಕ್ರದ ಜಾಡಿನ ಪಕ್ಕದ ದಿಬ್ಬ, ತಿರುವಿನ ಕಲ್ಲು ಎಲ್ಲವೂ ಸ್ಟೆಪ್ಪಿಗೇ ಬಡಿಯುತ್ತವೆ. ಏರಿನ ನೆತ್ತಿಯ ಮೇಲೆ ಮುಂದಿನ ಚಕ್ರ ದಾಟಿ ಹಿಂದಿನದು ಇನ್ನೂ ಕೆಳಗಿರುವಾಗ ನೆಲಕ್ಕೆ ತಾಗುವುದು ಗಾಡಿಯ ನಡುಹೊಟ್ಟೆ, ಸ್ಟೆಪ್ ಇರುವುದೂ ಅಲ್ಲೇ. ಅತ್ತಿಗೆಗೆ ಸಲೀಸಾಗುವ ಎತ್ತರಗಳಲ್ಲಿ ಅತಿ ಹೆಚ್ಚಿನದು ಯಾವುದೋ ಅಲ್ಲಿಗೇ ನಿಲ್ಲಿಸು. ಅದೂ ಸಾಲದಿದ್ದರೆ ಒಳಗಿನ ಕಂಬಕ್ಕೆ ಒಂದು ಗಟ್ಟಿ ಹಿಡಿಕೆ ಹಾಕಿಸು. ಮಂಡಿ ನೋಯುವವರು ಅರ್ಧ ಹತ್ತುವುದು ಕೈಯಿಂದಲೇ.

ಅಗಲವನ್ನೂ ಅವರಿಂದಲೇ ತಿಳಿದುಕೋ. ಪೈಪು ಬಾಗಿಲಿಗಿಂತ ಒಳಗೆ ಅಡಗಿದ್ದರೆ ಹೆಬ್ಬೆರಳು ಮಾತ್ರ ಕೂರುತ್ತದೆ, ಅದು ಇದ್ದೂ ಇಲ್ಲದ ಹಾಗೆ. ತೀರಾ ಹೊರಗೆ ಚಾಚಿದರೆ ಇಳಿಯುವಾಗ ಮೀನಖಂಡಕ್ಕೆ ಉಜ್ಜುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೀರೆಯ ನೆರಿಗೆ, ಪಂಚೆಯ ಅಂಚು ಎಲ್ಲಾ ಕೆಸರು. ಈ ದೂರು ನಿನಗೆ ಗ್ಯಾರೇಜಿನಲ್ಲಿ ಯಾರೂ ಹೇಳುವುದಿಲ್ಲ, ಅಲ್ಲಿ ಎಲ್ಲರೂ ಪ್ಯಾಂಟಿನವರು. ಹಿಂದಿನ ಬಾಗಿಲಿಗೂ ಸ್ಟೆಪ್ ಸರಿಯಾಗಿ ಸಿಗುತ್ತದೆಯೇ ನೋಡು. ಮುಂದಿನ ಸೀಟಿನವರಿಗೆ ಮಾತ್ರ ಅಳತೆ ಮಾಡಿ ಹಿಂದಿನವರನ್ನು ಮರೆತ ಮಾಲು ಬೇಕಾದಷ್ಟಿದೆ.

ಹೊಳೆಯುವ ದುಂಡು ಪೈಪು ಬೇಡವೇ ಬೇಡ. ಮಳೆ ನೀರು, ರಬ್ಬರ್ ಚಪ್ಪಲಿ, ನಯವಾದ ಸ್ಟೀಲು, ಮೂರೂ ಸೇರಿದರೆ ಸೊಂಟ ಮುರಿಯಲು ಇನ್ನೇನು ಬೇಕು? ಚಪ್ಪಟೆಯಾಗಿದ್ದು, ತೂತುಗಳ ಅಂಚು ಮೇಲಕ್ಕೆ ಒರಟಾಗಿ ಎದ್ದಿರುವ ತಗಡಿನದು ಒಳ್ಳೆಯದು, ಕೆಸರು ತೂತಿನಿಂದ ಕೆಳಗೆ ಇಳಿಯುತ್ತದೆ. ಬಾಗಿಲು ತೆರೆದಾಗ ತಾನೇ ಹೊರಬರುವ ಮೋಟರಿನ ಸ್ಟೆಪ್ಪೂ ನಿನ್ನ ಪಟ್ಟಿಯಲ್ಲಿದೆ. ಡಾಂಬರು ರಸ್ತೆಯವರಿಗೆ ಅದು ಸರಿ. ನಮ್ಮ ಕೆಮ್ಮಣ್ಣು ಅದರ ಕೀಲುಗಳಲ್ಲಿ ಸೇರಿ ಒಣಗಿದ ಮೇಲೆ ಅದು ಹೊರಗೆ ಬಂದರೆ ಒಳಗೆ ಹೋಗದು, ಒಳಗೆ ಹೋದರೆ ಹೊರಗೆ ಬಾರದು.

ಇನ್ನು ಕೂರಿಸುವ ವಿಷಯ. ಮಾಲಿಗಿಂತ ಇದೇ ಮುಖ್ಯ. ಬೊಲೆರೊ ಕ್ಯಾಂಪರ್ ಆಗಲಿ, ವಿ-ಕ್ರಾಸ್ ಆಗಲಿ, ಹೈಲಕ್ಸ್ ಆಗಲಿ, ಕೆಳಗೆ ಏಣಿಯಂಥ ಚಾಸಿ, ಅದರ ಮೇಲೆ ರಬ್ಬರ್ ದಿಂಡುಗಳು, ಅವುಗಳ ಮೇಲೆ ಬಾಡಿ. ಹೊಂಡಕ್ಕೆ ಇಳಿದಾಗ ಚಾಸಿ ಒಂದು ರೀತಿ ತಿರುಚಿದರೆ ಬಾಡಿ ಇನ್ನೊಂದು ರೀತಿ ಅಲುಗುತ್ತದೆ. ಹೀಗಿರುವಾಗ ಒಂದು ಬ್ರಾಕೆಟ್ ಚಾಸಿಗೆ, ಇನ್ನೊಂದು ಬಾಡಿಗೆ ಬಿಗಿದರೆ ಏನಾಗುತ್ತದೆ? ಬೋಲ್ಟು ಸಡಿಲವಾಗುತ್ತದೆ, ಇಲ್ಲವೇ ತಗಡು ಸೀಳುತ್ತದೆ. ಚಾಸಿಗೆ ಅಂದರೆ ಎಲ್ಲವೂ ಚಾಸಿಗೆ. ಬಾಡಿಗೆ ಅಂದರೆ ಎಲ್ಲವೂ ಬಾಡಿಗೆ, ಅದೂ ಕಂಪನಿಯವರೇ ಬಿಟ್ಟಿರುವ ತೂತುಗಳಿಗೆ.

ನಿನ್ನದೇ ಮಾಡೆಲ್ಲಿಗೆ, ನಿನ್ನದೇ ವರ್ಷದ ಗಾಡಿಗೆಂದು ಮಾಡಿದ ಬ್ರಾಕೆಟ್ಟನ್ನೇ ಕೇಳು. ‘ಎಲ್ಲಾ ಗಾಡಿಗೂ ಕೂರುತ್ತೆ ಸಾರ್, ಒಂದೆರಡು ತೂತು ಹೊಡೆದರೆ ಆಯ್ತು’ ಎಂದ ಕೂಡಲೇ ಕೀಲಿ ತಗೊಂಡು ಹೊರಡು. ಹೊರೆ ಬಿದ್ದಾಗ ಚಾಸಿ ಬಾಗುವ ಒತ್ತಡವನ್ನು ಹೆಚ್ಚಾಗಿ ತಡೆಯುವುದು ಅದರ ಮೇಲಂಚು ಮತ್ತು ಕೆಳಂಚು. ಅಲ್ಲಿ ಡ್ರಿಲ್ ಹೊಡೆದರೆ ಆ ತೂತಿನಿಂದಲೇ ಬಿರುಕು ಹೊರಡಬಹುದು. ವೆಲ್ಡಿಂಗ್ ಕಾವಿಗೂ ಅಕ್ಕಪಕ್ಕದ ಉಕ್ಕಿನ ಗುಣ ಕೆಡುತ್ತದೆ. ಬ್ರೇಕ್ ಪೈಪು, ಡೀಸೆಲ್ ಪೈಪು, ವೈರಿಂಗ್ ಸಾಗುವುದೂ ಚಾಸಿಯ ಪಕ್ಕದಲ್ಲೇ.

ತೂಕದ ಲೆಕ್ಕವನ್ನೂ ಸ್ವಲ್ಪ ಹಾಕು. ಅರವತ್ತು ಕೆಜಿಯ ಆಳು 50 ಕೆಜಿಯ ಕಾಫಿ ಚೀಲ ಹೊತ್ತು ಸ್ಟೆಪ್ ಮೇಲೆ ನಿಂತರೆ 110 ಕೆಜಿ. ಅದು ಬೀಳುವುದು ಬೋಲ್ಟಿನ ಮೇಲೆ ನೇರವಾಗಿ ಅಲ್ಲ, ಮುಕ್ಕಾಲಡಿ, ಒಂದಡಿ ಆಚೆ. ಅಂದರೆ ಬ್ರಾಕೆಟ್ಟನ್ನು ಮೀಟುತ್ತದೆ. ನಿಧಾನವಾಗಿ ನಿಲ್ಲದೆ ಧೊಪ್ಪನೆ ಕಾಲೂರಿದರೆ ಆ ಕ್ಷಣದ ಹೊರೆ ಎರಡರಷ್ಟಾಗುತ್ತದೆ, ಮೇಲಿಂದ ಹಾರಿದರೆ ಅದಕ್ಕೂ ಹೆಚ್ಚು. ಪೆಟ್ಟಿಗೆಯ ಮೇಲೆ ಎಷ್ಟು ತೂಕ ತಡೆಯುತ್ತದೆ ಎಂದು ಬರೆದಿರಲೇಬೇಕು. ಒಂದೊಂದು ಬದಿಗೆ ಎರಡೇ ಬ್ರಾಕೆಟ್ ಇದ್ದರೆ ನಾನಂತೂ ಕೊಳ್ಳಲಾರೆ.

ಬಿಗಿಯುವಾಗ ಪಕ್ಕದಲ್ಲೇ ನಿಂತಿರು. ಮೊದಲು ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ಸಡಿಲವಾಗಿ ಹಾಕಿ, ಸ್ಟೆಪ್ಪನ್ನು ಬಾಗಿಲಿನ ಗೆರೆಗೆ ಹೊಂದಿಸಿ, ಆಮೇಲೆ ಬಿಗಿಯಬೇಕು. ಒಂದನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ ಕೊನೆಯ ತೂತು ಕೂರುವುದಿಲ್ಲ, ಅದನ್ನು ಸುತ್ತಿಗೆಯಿಂದ ಕೂರಿಸುತ್ತಾರೆ. ನೈಲಾನ್ ಬಳೆ ಇರುವ ನಟ್ಟು ಹಾಕಿಸು. ಟಾರ್ಕ್ ಎಷ್ಟೆಂದು ಕಾಗದದಲ್ಲಿ ಕೊಟ್ಟಿರುತ್ತಾರೆ. ಉದ್ದನೆಯ ಸ್ಪ್ಯಾನರಿಗೆ ಮೈಭಾರ ಹಾಕಿ ಎಳೆಯುವುದು ಬಿಗಿತವಲ್ಲ. ಬಾಗಿಲ ಕೆಳಗಿನ ಪಟ್ಟಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಬ್ರಾಕೆಟ್ ಅವನ್ನು ಮುಚ್ಚಿದರೆ ಒಳಗೇ ನೀರು ನಿಂತು, ಹೊರಗಿನ ಬಣ್ಣ ಉಬ್ಬುವ ಹೊತ್ತಿಗೆ ತಗಡು ಅರ್ಧ ತಿಂದುಹೋಗಿರುತ್ತದೆ. ಜಾಕಿ ಕೊಡುವ ಜಾಗ ಮರೆಯಾಗಿದೆಯೇ ಎಂಬುದನ್ನೂ ಅಂಗಡಿಯಲ್ಲೇ ಜಾಕಿ ಇಟ್ಟು ನೋಡಿಕೊಂಡು ಬಾ. ಸ್ಟೆಪ್ಪಿಗೇ ಜಾಕಿ ಕೊಟ್ಟು ಗಾಡಿ ಎತ್ತುವ ಬುದ್ಧಿವಂತಿಕೆ ಬೇಡ.

‘ಸೈಡ್ ಗಾರ್ಡ್, ಆಕ್ಸಿಡೆಂಟ್ ಆದರೂ ಏನೂ ಆಗಲ್ಲ’ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡ. ಕಾಲಿಡಲು ಮಾಡಿದ್ದು ಗುದ್ದು ತಡೆಯುವುದಿಲ್ಲ. ಅದರ ಜೊತೆ ‘ಸೆಟ್ಟಿನಲ್ಲೇ ಬರುತ್ತೆ’ ಎಂದು ಮುಂದಕ್ಕೆ ಬುಲ್ ಬಾರ್ ಅಂಟಿಸಲು ನೋಡುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ಅದು ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಸ್ಟೆಪ್ಪಿಗೂ ಶೋರೂಮಿನ ಅಧಿಕೃತ ಪಟ್ಟಿಯದೇ ಸಿಕ್ಕರೆ ದುಡ್ಡು ಸ್ವಲ್ಪ ಹೆಚ್ಚಾದರೂ ಅದನ್ನೇ ತಗೊಂಡು ಬಿಲ್ಲು ಇಟ್ಟುಕೋ. ವಾರಂಟಿಯ ತಕರಾರು ಬಂದಾಗ ಕೆಲಸಕ್ಕೆ ಬರುತ್ತದೆ.

ಸ್ಟೆಪ್ ಬಂದ ದಿನದಿಂದಲೇ ಇನ್ನೊಂದು ಶುರುವಾಗುತ್ತದೆ. ಲೈನು ಮನೆಯಿಂದ ಕಣದವರೆಗೆ ಅರ್ಧ ಮೈಲಿ ತಾನೇ ಎಂದು ಹುಡುಗರು ಅದರ ಮೇಲೆ ನಿಂತು, ಕಿಟಕಿ ಹಿಡಿದು ಬರಲು ನೋಡುತ್ತಾರೆ. ಹಿಂದಿನ ಚಕ್ರ ಇರುವುದು ಅವರ ಕಾಲಿನ ಹಿಂದೆಯೇ. ಫುಟ್‌ಬೋರ್ಡ್ ಮೇಲೆ ಯಾರನ್ನೂ ಕರೆದೊಯ್ಯಬಾರದೆಂದು ಅದೇ ಕಾಯ್ದೆಯ 123ನೇ ಸೆಕ್ಷನ್ ಹೇಳುತ್ತದೆ, ತಪ್ಪಿಗೆ ಹೊಣೆ ಓಡಿಸುವವನದೂ ಹೌದು. ಮೊದಲ ದಿನವೇ ಗಾಡಿ ನಿಲ್ಲಿಸಿ ಇಳಿಸಿಬಿಡು. ಒಂದು ವಾರ ಬಿಟ್ಟು ಹೇಳಿದರೆ ಯಾರೂ ಕೇಳುವುದಿಲ್ಲ.

ಐನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ನೋಡಿಸು. ಕಾಫಿ ಕೊಯ್ಲು ಶುರುವಾಗುವ ಮೊದಲು ಆ ಕಡೆ ಬಂದೇ ಬರುತ್ತೇನೆ, ನನ್ನ ಸ್ಪ್ಯಾನರ್ ಸೆಟ್ ತರುತ್ತೇನೆ.