ಮುಂದಿನ ಕಂಪ್ಯೂಟರಿಗೆ ಲಿನಕ್ಸ್, ಒಳಗಿನದಕ್ಕೆ ಈಗ ಬೇಡ

ಪ್ರಶ್ನೆ: ತ್ಯಾಮಗೊಂಡ್ಲು ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಕನ್ನಡ ಟೈಪಿಂಗ್ ಅಂಗಡಿ ಇದೆ. ಎರಡು ಕಂಪ್ಯೂಟರು, ಎರಡೂ 2016ರಲ್ಲಿ ತಗೊಂಡಿದ್ದು. ಮುಂದೆ ಕೌಂಟರಿನಲ್ಲಿರುವ ಒಂದರಲ್ಲಿ ಪಹಣಿ, ಸೇವಾ ಸಿಂಧು ಅರ್ಜಿ, ಸ್ಕಾಲರ್‌ಶಿಪ್, ದಾಬಸ್‌ಪೇಟೆ ಫ್ಯಾಕ್ಟರಿಗೆ ಸೇರುವ ಹುಡುಗರ ಬಯೋಡೇಟಾ. ಒಳಗಿರುವ ಇನ್ನೊಂದರಲ್ಲಿ ನುಡಿ ತಂತ್ರಾಂಶ ಹಾಕಿಕೊಂಡು ಕರಾರುಪತ್ರ, ಅರ್ಜಿ, ಲಗ್ನಪತ್ರಿಕೆ ಟೈಪ್ ಮಾಡುತ್ತೇನೆ. ನನಗೆ ಟೈಪಿಂಗ್ ಬಿಟ್ಟು ಕಂಪ್ಯೂಟರ್ ಒಳಗಿನದು ಏನೂ ಗೊತ್ತಿಲ್ಲ. ವಿಂಡೋಸ್ 10 ಮುಗಿಯಿತು ಅಂತ ಸ್ಕ್ರೀನ್ ಮೇಲೆ ಬರುತ್ತಿದೆ. ನೆಲಮಂಗಲದಲ್ಲಿ ಕೇಳಿದರೆ ಒಬ್ಬರು ‘ಎರಡೂ ಹೊಸದು ತಗೊಳ್ಳಿ’ ಅಂದರು, ಇನ್ನೊಬ್ಬರು ‘ಇದಕ್ಕೇ ಹೇಗಾದರೂ 11 ಹಾಕಿಕೊಡ್ತೀನಿ’ ಅಂದರು. ಅಣ್ಣನ ಮಗ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ‘ಅತ್ತೆ, ಲಿನಕ್ಸ್ ಹಾಕ್ತೀನಿ, ಪುಕ್ಕಟೆ’ ಅಂತಾನೆ. ಅವನು ಹಾಕಿ ಹೋಗಿಬಿಡುತ್ತಾನೆ, ನಾಳೆ ಕೆಟ್ಟರೆ ಯಾರನ್ನು ಕರೆಯಲಿ? ಹತ್ತು ವರ್ಷದ ನುಡಿ ಫೈಲುಗಳು ಹೋದರೆ ಅಂಗಡಿಯೇ ಹೋದಂತೆ. ಏನು ಮಾಡಲಿ?
— ಹೆಸರು ಬೇಡ, ತ್ಯಾಮಗೊಂಡ್ಲು

ಉತ್ತರ: ಮೊದಲು ಗಾಬರಿ ಬಿಡಿ ಅಮ್ಮ. ಸ್ಕ್ರೀನ್ ಮೇಲೆ ಬರುತ್ತಿರುವ ಮಾತು ನಿಜ, ಆದರೆ ನಿಮ್ಮ ಕಂಪ್ಯೂಟರು ನಾಳೆ ನಿಂತುಹೋಗುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದರೆ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ಇನ್ನು ತೇಪೆ ಬರುವುದಿಲ್ಲ. ಮನೆ ಬಳಕೆದಾರರಿಗೆಂದು 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ವಾಯಿದೆ ಕೊಟ್ಟಿದ್ದಾರೆ. ಅದಕ್ಕೆ ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಳ್ಳಬೇಕು. ಅದರಿಂದ ಸ್ವಲ್ಪ ಕಾಲ ಸಿಗುತ್ತದೆ, ಅಷ್ಟೇ.

ನೆಲಮಂಗಲದ ಇಬ್ಬರಲ್ಲಿ ಮೊದಲನೆಯವರು ಸುಳ್ಳು ಹೇಳಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಆ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ನಿಮ್ಮವು 2016ರವು. ‘ಹೇಗಾದರೂ ಹಾಕಿಕೊಡ್ತೀನಿ’ ಎಂದ ಎರಡನೆಯವರೂ ಸುಳ್ಳು ಹೇಳಿಲ್ಲ, ಆ ತಪಾಸಣೆಯನ್ನು ದಾಟಿಸುವ ಅಡ್ಡದಾರಿಗಳು ಇವೆ. ಆದರೆ ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಹೊಟ್ಟೆಪಾಡಿನ ಯಂತ್ರದ ಮೇಲೆ ಈ ಪ್ರಯೋಗ ಬೇಡ.

ಇನ್ನೊಂದು ಮಾತನ್ನು ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈಗಿರುವ ವಿಂಡೋಸಿಗೆ ಬಿಲ್ಲು ಇದೆಯೇ? ಊರೂರಿನ ಟೈಪಿಂಗ್ ಅಂಗಡಿಗಳಲ್ಲಿ ಓಡುತ್ತಿರುವ ವಿಂಡೋಸ್, ಫೋಟೋಶಾಪ್, ಪೇಜ್‌ಮೇಕರ್‌ಗಳಲ್ಲಿ ಎಷ್ಟೋ ‘ಹಾಕಿಸಿಕೊಂಡವು’, ಕೊಂಡವಲ್ಲ. ಅವುಗಳ ಬೀಗ ಮುರಿಯಲು ಬಳಸುವ ಪುಟ್ಟ ಪ್ರೋಗ್ರಾಮುಗಳೇ ಎಷ್ಟೋ ಸಲ ವೈರಸ್ಸನ್ನು ಹೊತ್ತು ತರುತ್ತವೆ. ನಿಮ್ಮ ಮುಂದಿನ ಕಂಪ್ಯೂಟರಿನಲ್ಲಿ ದಿನವೂ ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕು, ಒಟಿಪಿ ಬರುವ ಫೋನ್ ನಂಬರು ಎಲ್ಲ ಹಾದುಹೋಗುತ್ತವೆ. ಅಂಗಡಿ ನಿಮ್ಮದಾದರೂ ಅವು ಬೇರೆಯವರ ಗುಟ್ಟುಗಳು.

ಈಗ ವಿಂಡೋಸಿನ ಜಾಗದಲ್ಲಿ ಹಾಕಬಹುದಾದ ಲಿನಕ್ಸ್. ಅದನ್ನು ಹೊಗಳಲು ನಾನು ಕೂತಿಲ್ಲ. ನಿಮ್ಮ ಕೆಲಸದಲ್ಲಿ ಯಾವ ಭಾಗ ಅಲ್ಲಿ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದಷ್ಟೇ ನಿಮಗೆ ಬೇಕಾದ್ದು. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ: ಎರಡು ಯಂತ್ರಗಳು ಎರಡು ಬೇರೆ ಬೇರೆ ಕೆಲಸ ಮಾಡುತ್ತಿವೆ. ಎರಡಕ್ಕೂ ಒಂದೇ ಮದ್ದು ಹುಡುಕುವುದೇಕೆ?

ಮುಂದಿನ ಯಂತ್ರದ ಕೆಲಸ ಹೆಚ್ಚುಕಡಿಮೆ ಪೂರ್ತಿ ಬ್ರೌಸರಿನೊಳಗೆ ನಡೆಯುತ್ತದೆ. ಸೇವಾ ಸಿಂಧು, ಭೂಮಿಯ ಪಹಣಿ, ಕಾವೇರಿಯ ಇಸಿ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಬಸ್ ಟಿಕೆಟ್, ವಾಟ್ಸಾಪ್ ವೆಬ್ ಎಲ್ಲವೂ ವೆಬ್‌ಸೈಟುಗಳೇ. ಲಿನಕ್ಸಿನಲ್ಲೂ ಅದೇ ಫೈರ್‌ಫಾಕ್ಸ್, ಅದೇ ಕ್ರೋಮ್. ಬಯೋಡೇಟಾಗೆ ಲಿಬ್ರೆ ಆಫೀಸ್ ಜೊತೆಗೇ ಬರುತ್ತದೆ, ವರ್ಡ್ ಫೈಲನ್ನೂ ತೆರೆಯುತ್ತದೆ. ಅಕ್ಷರ, ಪುಟ ಸ್ವಲ್ಪ ಅತ್ತಿತ್ತ ಸರಿಯಬಹುದು. ಹುಡುಗರಿಗೆ ಪಿಡಿಎಫ್ ಮಾಡಿ ಕೊಟ್ಟರೆ ಆ ತಕರಾರೂ ಇಲ್ಲ.

ಆ ಯಂತ್ರಕ್ಕೆ ಲಿನಕ್ಸ್ ಬೇಕೆನ್ನಲು ನನಗಿರುವ ದೊಡ್ಡ ಕಾರಣ ಗಿರಾಕಿಗಳ ಪೆನ್‌ಡ್ರೈವ್. ಪೆನ್‌ಡ್ರೈವ್ ಸಿಕ್ಕಿಸಿದ ತಕ್ಷಣ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಡುವ ರೋಗ ನಿಮಗೆ ಗೊತ್ತೇ ಇರುತ್ತದೆ. ಒಬ್ಬರಿಂದ ಅಂಗಡಿಗೆ, ಅಂಗಡಿಯಿಂದ ಇನ್ನೊಬ್ಬರಿಗೆ ಅದು ಹರಡುತ್ತದೆ. ಆ ವೈರಸ್ಸುಗಳು ವಿಂಡೋಸಿಗಾಗಿ ಬರೆದವು, ಲಿನಕ್ಸಿನಲ್ಲಿ ಓಡುವುದಿಲ್ಲ. ಅಡಗಿಸಿಟ್ಟ ಮೂಲ ಫೈಲುಗಳೂ ಸಾಮಾನ್ಯವಾಗಿ ಅಲ್ಲಿ ಹಾಗೇ ಕಾಣುತ್ತವೆ. ಲಿನಕ್ಸಿಗೆ ಅಪಾಯವೇ ಇಲ್ಲವೆಂದಲ್ಲ; ನಿಮ್ಮ ಕೌಂಟರಿಗೆ ದಿನಾ ಬರುವ ಬಗೆಯ ಅಪಾಯ ಕಮ್ಮಿ.

ಒಳಗಿನ ಯಂತ್ರದ ಕಥೆ ಬೇರೆ. ಕನ್ನಡ ಗಣಕ ಪರಿಷತ್ತಿನ ನುಡಿ ವಿಂಡೋಸಿಗೆಂದೇ ಮಾಡಿದ್ದು. ಹತ್ತು ವರ್ಷದಿಂದ ನೀವು ಹೊಡೆದ ಫೈಲುಗಳು ಬಹುಶಃ ‘ನುಡಿ 01 ಇ’ ಥರದ ಹಳೆಯ ಆಸ್ಕಿ ಫಾಂಟಿನಲ್ಲಿವೆ. ಅಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಇರುವುದು ಇಂಗ್ಲಿಷಿನ ಅಕ್ಷರ, ಚಿಹ್ನೆಗಳು. ಅವುಗಳ ಮೇಲೆ ಫಾಂಟು ಕನ್ನಡದ ರೂಪವನ್ನು ತೊಡಿಸಿದೆ. ಫಾಂಟು ತೆಗೆದರೆ ಕಲಸುಮೇಲೋಗರ ಕಾಣಿಸುವುದು ಇದಕ್ಕೇ. ನುಡಿಯ ಫಾಂಟ್ ಫೈಲುಗಳನ್ನು ಲಿನಕ್ಸಿಗೆ ಹಾಕಿದರೆ ಹಳೆಯ ಕಾಗದಗಳನ್ನು ತೆರೆದು ಓದಬಹುದು, ಪ್ರಿಂಟೂ ತೆಗೆಯಬಹುದು. ಹಾಗಾಗಿ ಫೈಲುಗಳು ಸಾಯುವುದಿಲ್ಲ, ಆ ಭಯ ಬೇಡ. ಅವನ್ನು ತಿದ್ದಲು ಹೊರಟಾಗ ನುಡಿಯ ಕೀಲಿಮಣೆ ಬೇಕಾಗುತ್ತದೆ, ಕಷ್ಟ ಶುರುವಾಗುವುದು ಅಲ್ಲಿ. ವಿಂಡೋಸ್ ಪ್ರೋಗ್ರಾಮನ್ನು ಲಿನಕ್ಸಿನಲ್ಲಿ ಓಡಿಸುವ ‘ವೈನ್’ ಇದೆಯಲ್ಲ ಎಂದು ಅಣ್ಣನ ಮಗ ಹೇಳಿಯಾನು. ಅವನ ಹವ್ಯಾಸಕ್ಕೆ ಅದು ಸರಿ. ನೋಂದಣಿಗೆ ಹೊರಟವರು ಬಾಗಿಲಲ್ಲಿ ನಿಂತಿರುವಾಗ ಕರಾರುಪತ್ರ ಹೊಡೆಯಲು ಅದನ್ನು ನಂಬಬೇಡಿ.

ಫೋನು, ವೆಬ್‌ಸೈಟುಗಳಲ್ಲಿ ಬಳಸುವ ಯೂನಿಕೋಡ್ ಕನ್ನಡದ ವಿಷಯದಲ್ಲಿ ಮಾತ್ರ ನಿಮ್ಮ ಬೆರಳುಗಳು ಹೊಸದೇನೂ ಕಲಿಯಬೇಕಿಲ್ಲ. ನುಡಿಯಲ್ಲಿ ನೀವು ಬಳಸುವ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ಲಿನಕ್ಸಿನಲ್ಲೂ ಅದು ‘ಕಗಪ’ ಎಂಬ ಹೆಸರಿನಲ್ಲಿದೆ. ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಕೀಲಿಮಣೆಗಳ ಪಟ್ಟಿಯಲ್ಲಿ ಒಂದು ಕಗಪ ಸಿಗುತ್ತದೆ, ಐಬಸ್ ಎಂಬ ಸಾಧನದಲ್ಲಿ ಎಂ17ಎನ್ ಪೊಟ್ಟಣದ ಜೊತೆ ಇನ್ನೊಂದು ಸಿಗುತ್ತದೆ. ಎರಡನ್ನೂ ಹಾಕಿಕೊಡಲು ಹುಡುಗನಿಗೆ ಹೇಳಿ. ಒಂದೊಂದು ಪುಟ ಹೊಡೆದು ನೋಡಿ, ಸ್ವರಗಳು ಎಲ್ಲಿ ಕೈಗೆ ಒಗ್ಗುತ್ತವೋ ಅದನ್ನು ಇಟ್ಟುಕೊಳ್ಳಿ. ಗುಬ್ಬಿ, ನವಿಲು ಎಂಬ ಒಳ್ಳೆಯ ಕನ್ನಡ ಫಾಂಟುಗಳೂ ಉಚಿತವಾಗಿ ಸಿಗುತ್ತವೆ.

ಹಳೆಯ ಫೈಲುಗಳನ್ನು ಯೂನಿಕೋಡಿಗೆ ತರಲು ಪರಿವರ್ತಕಗಳಿವೆ. ಅಂತರ್ಜಾಲದಲ್ಲೇ ಪುಕ್ಕಟೆ ಸಿಗುತ್ತವೆ. ಆದರೆ ಹತ್ತು ವರ್ಷದ್ದನ್ನೆಲ್ಲ ಒಂದೇ ಸಲ ಪರಿವರ್ತಿಸಲು ಹೋಗಬೇಡಿ. ಪದೇಪದೇ ಬಳಸುವ ನಮೂನೆಗಳು ಎಷ್ಟಿರಬಹುದು? ಬಾಡಿಗೆ ಕರಾರು, ವಂಶವೃಕ್ಷದ ಅಫಿಡವಿಟ್ಟು, ಖಾತೆ ಬದಲಾವಣೆ ಅರ್ಜಿ, ಇನ್ನು ಕೆಲವು. ಅಷ್ಟನ್ನು ಮಾತ್ರ ಬದಲಾಯಿಸಿ, ಉಳಿದದ್ದು ಬೇಕಾದಾಗ ನೋಡಿಕೊಳ್ಳಬಹುದು. ಪರಿವರ್ತನೆ ಆದ ಮೇಲೆ ಅರ್ಕಾವತ್ತುಗಳನ್ನು ಮತ್ತು ನಡುವೆ ಬಂದಿರುವ ಇಂಗ್ಲಿಷ್ ಪದಗಳನ್ನು ಕಣ್ಣಿಟ್ಟು ನೋಡಿ. ಪರಿವರ್ತಕ ಎಡವುವುದು ಅಲ್ಲೇ. ಇಂಗ್ಲಿಷಿನಲ್ಲಿ ಹೊಡೆದ ಹೆಸರು, ಇನಿಷಿಯಲ್ಲು ಅರ್ಥವಿಲ್ಲದ ಕನ್ನಡವಾಗಿಬಿಡುತ್ತದೆ. ಸರ್ವೆ ನಂಬರು, ಚಕ್ಕುಬಂದಿ, ಎಕರೆ ಗುಂಟೆಗಳನ್ನು ಮೂಲದ ಪಕ್ಕ ಇಟ್ಟು ಓದಿ. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೂ ಗಿರಾಕಿ ತಾಲ್ಲೂಕು ಆಫೀಸಿನಿಂದ ನಿಮ್ಮ ಹತ್ತಿರವೇ ವಾಪಸು ಬರುತ್ತಾರೆ. ಛಾಪಾ ಕಾಗದಕ್ಕೆ ಹಾಕುವ ಮೊದಲು ಬಿಳಿ ಹಾಳೆಯ ಮೇಲೆ ಒಂದು ಪ್ರಿಂಟ್ ತೆಗೆದು ಮೇಲಿನ ಜಾಗ ಸರಿಯಾಗಿ ಬಿಟ್ಟಿದೆಯೇ ನೋಡಿಕೊಳ್ಳಿ.

ಪ್ರಿಂಟರು ಯಾವುದೆಂದು ನೀವು ಬರೆದಿಲ್ಲ, ಇಡೀ ವಿಷಯ ಅದರ ಮೇಲೇ ನಿಂತುಹೋಗಬಹುದು. ನಮ್ಮ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಆದರೆ ಅದನ್ನು ಲಿನಕ್ಸಿಗೆ ಒಗ್ಗಿಸುವುದು ತಲೆನೋವು. ಗಟ್ಟಿಮುಟ್ಟಾದ ಪ್ರಿಂಟರು ಅದು, ಆದರೆ ಅದರ ಲಿನಕ್ಸ್ ಡ್ರೈವರು ಹಳೆಯದು, ಹಟಮಾರಿ. ಅದನ್ನು ಒಳಗಿನ ವಿಂಡೋಸ್ ಯಂತ್ರಕ್ಕೇ ಬಿಡಿ. ಎಚ್‌ಪಿ ಪ್ರಿಂಟರುಗಳಿಗೆ ಕಂಪನಿಯೇ ಲಿನಕ್ಸ್ ತಂತ್ರಾಂಶ ಕೊಡುತ್ತದೆ, ಕೆಲವು ಮಾದರಿಗಳಿಗೆ ಇನ್ನೊಂದು ಪ್ಲಗ್‌ಇನ್ ಇಳಿಸಿಕೊಳ್ಳಬೇಕು. ಎಪ್ಸನ್ನಿನ ಇಂಕ್ ಟ್ಯಾಂಕ್ ಪ್ರಿಂಟರುಗಳಿಗೂ ಡ್ರೈವರ್ ಸಿಗುತ್ತದೆ. ಬೆರಳಚ್ಚು ಯಂತ್ರವನ್ನೋ ಡಿಜಿಟಲ್ ಸಹಿಯ ಟೋಕನ್ನನ್ನೋ ಇಟ್ಟುಕೊಂಡಿದ್ದರೆ ಲೆಕ್ಕವೇ ಬೇರೆ. ಆ ಕೆಲಸಕ್ಕೆ ಬೆಂಬಲವಿರುವ ವಿಂಡೋಸ್ ಯಂತ್ರವೇ ಕ್ಷೇಮ.

ಇದನ್ನೆಲ್ಲ ಹಾಕದೆಯೇ ಪರೀಕ್ಷಿಸಬಹುದು. 8 ಜಿಬಿಯ ಒಂದು ಪೆನ್‌ಡ್ರೈವಿಗೆ ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ ತುಂಬಿಸಿಕೊಂಡು ಬರಲು ಹುಡುಗನಿಗೆ ಹೇಳಿ. ರ‍್ಯಾಮ್ 4 ಜಿಬಿ ಇದ್ದರೆ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಆ ಪೆನ್‌ಡ್ರೈವಿನಿಂದಲೇ ಕಂಪ್ಯೂಟರನ್ನು ಶುರು ಮಾಡಿದರೆ ಅದರಲ್ಲಿರುವ ವಿಂಡೋಸಿಗೆ ಏನೂ ಆಗುವುದಿಲ್ಲ. ಒಂದು ಪಹಣಿ ತೆಗೆಯಿರಿ, ಪ್ರಿಂಟ್ ಕೊಡಿ, ಸ್ಕ್ಯಾನರ್ ಒತ್ತಿ, ಕನ್ನಡದಲ್ಲಿ ನಾಲ್ಕು ಸಾಲು ಹೊಡೆಯಿರಿ. ‘ಇನ್‌ಸ್ಟಾಲ್’ ಎಂಬ ಗುಂಡಿಯನ್ನು ಮಾತ್ರ ಅವತ್ತು ಯಾರೂ ಮುಟ್ಟಬಾರದು. ಮಿಂಟನ್ನೇ ಹೇಳುತ್ತಿರುವುದಕ್ಕೆ ಕಾರಣವಿದೆ: ಕೆಳಗಡೆ ಪಟ್ಟಿ, ಎಡಮೂಲೆಯಲ್ಲಿ ಮೆನು, ನೋಡಲು ವಿಂಡೋಸಿನಂತೆಯೇ ಇದೆ. ಅದರ 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಇಂಜಿನಿಯರಿಂಗ್ ಹುಡುಗರಿಗೆ ವಾರಕ್ಕೊಂದು ಹೊಸ ಲಿನಕ್ಸ್ ರುಚಿ ನೋಡುವ ಚಪಲ ಇರುತ್ತದೆ. ಅದನ್ನು ಅವನು ತನ್ನ ಲ್ಯಾಪ್‌ಟಾಪಿನಲ್ಲಿ ತೀರಿಸಿಕೊಳ್ಳಲಿ.

ಪರೀಕ್ಷೆ ಸರಿಹೋದರೆ ಹಳೆಯ ಹಾರ್ಡ್ ಡಿಸ್ಕನ್ನು ಅಳಿಸಲು ಬಿಡಬೇಡಿ. ಅದನ್ನು ಬಿಚ್ಚಿ, ಮೇಲೆ ಚೀಟಿ ಅಂಟಿಸಿ, ಬೀರುವಿನಲ್ಲಿಡಿ. ಚಿಕ್ಕದೊಂದು ಹೊಸ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ ವೇಗದ ಡಿಸ್ಕು) ತಂದು ಅದಕ್ಕೆ ಲಿನಕ್ಸ್ ಹಾಕಿಸಿ. ಹಳೆಯ ಯಂತ್ರ ಚುರುಕಾಗುವುದು ಮುಖ್ಯವಾಗಿ ಈ ಎಸ್‌ಎಸ್‌ಡಿಯಿಂದ. ಲಿನಕ್ಸ್ ಬೇಡವೆನಿಸಿದ ದಿನ ಹಳೆಯ ಡಿಸ್ಕನ್ನು ಮತ್ತೆ ಸಿಕ್ಕಿಸಿದರೆ ನಿಮ್ಮ ವಿಂಡೋಸ್ ಇದ್ದ ಹಾಗೇ ಇರುತ್ತದೆ. ಒಳಗಿನ ಯಂತ್ರದ ನುಡಿ ಫೈಲುಗಳದ್ದೂ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿರಲಿ. ಲಿನಕ್ಸ್ ಹಾಕಿಸಲಿ ಬಿಡಲಿ, ಈ ಕೆಲಸವನ್ನು ಈ ವಾರವೇ ಮಾಡಿ.

ಕೆಟ್ಟರೆ ಯಾರು ಎಂದು ಕೇಳಿದ್ದೀರಿ. ನೆಲಮಂಗಲದ ರಿಪೇರಿ ಅಂಗಡಿಗಳಲ್ಲಿ ಲಿನಕ್ಸ್ ಎಂದರೆ ‘ತೆಗೆದು ವಿಂಡೋಸ್ ಹಾಕೋಣ’ ಎನ್ನುವವರೇ ಹೆಚ್ಚು ಎಂದಿಟ್ಟುಕೊಳ್ಳಿ. ಆದ್ದರಿಂದ ಹುಡುಗನ ಜೊತೆ ಮೊದಲೇ ಮಾತಾಗಲಿ. ಪಾಸ್‌ವರ್ಡು ನಿಮ್ಮ ಪುಸ್ತಕದಲ್ಲಿ ಬರೆದಿರಬೇಕು, ಅವನ ತಲೆಯಲ್ಲಲ್ಲ. ಟೈಮ್‌ಶಿಫ್ಟ್ ಎಂಬ ಸೌಲಭ್ಯವನ್ನು ಅವನು ಚಾಲೂ ಮಾಡಿ ಹೋಗಬೇಕು. ಅಪ್‌ಡೇಟ್ ಆದ ಮೇಲೆ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಅದು ಬೇಕು. ಎನಿಡೆಸ್ಕ್ ಲಿನಕ್ಸಿನಲ್ಲೂ ಓಡುತ್ತದೆ, ಬೆಂಗಳೂರಿನಿಂದಲೇ ಅವನು ನಿಮ್ಮ ಸ್ಕ್ರೀನ್ ನೋಡಬಹುದು. ಎಲ್ಲಕ್ಕಿಂತ ಮುಖ್ಯ, ಅವನು ಪಕ್ಕದಲ್ಲಿ ಕೂತಿರಬೇಕು, ಮೌಸು ನಿಮ್ಮ ಕೈಯಲ್ಲಿರಬೇಕು.

‘ನಮ್ಮಂಥವರಿಗೆ ಆಗುತ್ತದೆಯೇ’ ಎಂಬ ಅಳುಕು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದು ಲಿನಕ್ಸಿನಲ್ಲೇ. ಕೇರಳದಲ್ಲಿ ಐಟಿ@ಸ್ಕೂಲ್ ಯೋಜನೆಯ ಕಾಲದಿಂದ, ಈಗ ಕೈಟ್ ಸಂಸ್ಥೆಯ ಮೂಲಕ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಲಿನಕ್ಸಿನಂಥ ಸ್ವತಂತ್ರ ತಂತ್ರಾಂಶವನ್ನೇ ಬಳಸುತ್ತಾರೆ. ಹತ್ತನೇ ತರಗತಿಯ ಐಟಿ ಪರೀಕ್ಷೆಯೂ ಅದರಲ್ಲೇ. ಅದರ ಪಠ್ಯ ಕನ್ನಡದಲ್ಲೂ ಇದೆ. ನಮ್ಮಲ್ಲೂ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ತಾಣದಲ್ಲಿ ಉಬುಂಟು ಎಂಬ ಲಿನಕ್ಸ್, ಲಿಬ್ರೆ ಆಫೀಸ್ ಬಳಸುವ ಬಗೆಯನ್ನು ಮೇಷ್ಟ್ರುಗಳಿಗಾಗಿ ಕನ್ನಡದಲ್ಲೇ ಬರೆದಿಟ್ಟಿದ್ದಾರೆ. ಬಿಡುವಾದಾಗ ನೋಡಿ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳಪಾಯವೂ ಲಿನಕ್ಸೇ.

ಹಾಗಾಗಿ ನನ್ನ ತೀರ್ಮಾನ ಇಷ್ಟು: ಮುಂದಿನ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿಸಿ. ಒಳಗಿನದು ವಿಂಡೋಸ್ 10ರಲ್ಲೇ ಇರಲಿ, ಆದರೆ ಅದಕ್ಕೆ ಇಂಟರ್‌ನೆಟ್ ಬೇಡ, ಗಿರಾಕಿಗಳ ಪೆನ್‌ಡ್ರೈವೂ ಬೇಡ. ನುಡಿ, ಲಗ್ನಪತ್ರಿಕೆ, ಹಳೆಯ ಪ್ರಿಂಟರಿಗೆ ಮಾತ್ರ ಅದು ಮೀಸಲು. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವರು ನುಡಿ ಫೈಲನ್ನೇ ಕೇಳುವವರೆಗೂ ಅದು ಬೇಕಾಗುತ್ತದೆ. ಅದು ಕೈಕೊಟ್ಟ ದಿನ, ಆಗಲೂ ನುಡಿಯ ಕೆಲಸ ಬರುತ್ತಿದ್ದರೆ, ಬಿಲ್ಲಿರುವ ವಿಂಡೋಸ್ 11ರ ಒಂದೇ ಒಂದು ಯಂತ್ರ ಕೊಳ್ಳಿ. ಎರಡು ಬೇಡ.

ಶಾಲೆ ಕಾಲೇಜು ಸೇರುವ ಹೊತ್ತಿನಲ್ಲಿ, ಸ್ಕಾಲರ್‌ಶಿಪ್ ಅರ್ಜಿಗೆ ಜನ ಸಾಲು ನಿಲ್ಲುವ ದಿನಗಳಲ್ಲಿ ಇದಕ್ಕೆ ಕೈ ಹಾಕಬೇಡಿ. ಅಂಗಡಿಗೆ ರಜೆ ಇರುವ, ಅಣ್ಣನ ಮಗ ಊರಿಗೆ ಬಂದಿರುವ ಒಂದು ಭಾನುವಾರ ನೋಡಿ. ಅದಕ್ಕೂ ಮುಂಚೆ ಪ್ರಿಂಟರು, ಸ್ಕ್ಯಾನರುಗಳ ಮಾದರಿ ಸಂಖ್ಯೆಯ ಫೋಟೋ ತೆಗೆದು ಅವನಿಗೆ ಕಳಿಸಿ, ಈ ಪುಟವನ್ನೂ ಜೊತೆಗೆ ಕಳಿಸಿ.