ಸತ್ತ ದನ ಮಣ್ಣಾಗುವುದು, ಎಲುಬು ಕಲ್ಲಾಗುವುದು

ಹಸು ಸತ್ತರೆ ಗುಂಡಿ ತೋಡಿ ಹೂತು, ಮೇಲೊಂದು ತೆಂಗಿನ ಸಸಿ ನೆಡುವ ರೂಢಿ ನಮ್ಮಲ್ಲಿ ಬಹಳ ಕಡೆ ಇದೆ. ಐದಾರು ವರ್ಷದಲ್ಲಿ ಆ ತೆಂಗು ಪಕ್ಕದ ಗಿಡಗಳಿಗಿಂತ ಕಡು ಹಸಿರಾಗಿ ಎದ್ದಿರುತ್ತೆ. ಆದರೆ ಎಲ್ಲ ಕಡೆ ಹೀಗಾಗಲ್ಲ. ಗದ್ದೆ ಅಂಚಿನ ಜವುಳು ಜಾಗದಲ್ಲಿ ಹೂತದ್ದನ್ನು ಎರಡು ವರ್ಷ ಬಿಟ್ಟು ಅಗೆದರೆ ಸೋಪಿನಂಥ ಬಿಳಿ ಮುದ್ದೆ, ಮೂಗು ಹಿಡಿಯುವಂಥ ನಾತ. ಎರೆ ಹೊಲದಲ್ಲಿ ಹೂತ ಎಲುಬು ಹತ್ತಾರು ವರ್ಷ ಆದ ಮೇಲೂ ನೇಗಿಲಿಗೆ ಗಟ್ಟಿಯಾಗಿ ಸಿಗುತ್ತೆ. ಮಲೆನಾಡಿನ ಕೆಂಪು ಮಣ್ಣಿನಲ್ಲಾದರೆ ಸೀಮೆಸುಣ್ಣದ ಹಾಗೆ ಪುಡಿಪುಡಿ.

ದನ ಒಂದೇ, ಆಳವೂ ಒಂದೇ. ವ್ಯತ್ಯಾಸ ಮಾಡೋದು ಗಾಳಿ, ನೀರು, ಮಣ್ಣಿನ ಹುಳಿ. ಈ ಮೂರರ ಲೆಕ್ಕ ಗೊತ್ತಿದ್ದರೆ ಗುಂಡಿ ಎಲ್ಲಿ ತೋಡಬೇಕು, ಯಾವ ಹೆಣವನ್ನು ಮುಟ್ಟಲೇಬಾರದು, ಎಲುಬಿನ ಗೊಬ್ಬರಕ್ಕೆ ದುಡ್ಡು ಹಾಕಬೇಕೋ ಬೇಡವೋ ಅನ್ನೋದು ತಿಳಿಯುತ್ತೆ. ಕೋಟ್ಯಂತರ ವರ್ಷದ ಹಿಂದಿನ ಡೈನೋಸಾರ್ ಮೊಟ್ಟೆ ಇವತ್ತಿಗೂ ಉಳಿದಿರೋದು ಇದೇ ಲೆಕ್ಕದಲ್ಲಿ.

ಕೊಳೆಯುವ ಕೆಲಸ ಒಳಗಿನಿಂದ ಶುರು

ಹೆಣ ಕೊಳೆಯೋದು ಮಣ್ಣಿನ ಹುಳುಗಳಿಂದ ಅಂತ ನಾವು ಅಂದುಕೊಂಡಿರುತ್ತೇವೆ. ಮೊದಲ ಕೆಲಸ ಮಾಡೋದು ದನದ ಮೈಯೊಳಗೇ ಇರುವವರು. ಉಸಿರು ನಿಂತ ಮೇಲೆ ಜೀವಕೋಶಗಳಿಗೆ ಆಮ್ಲಜನಕ ಸಿಗಲ್ಲ. ಅವುಗಳ ಗೋಡೆ ಒಡೆದು, ಒಳಗಿದ್ದ ಕಿಣ್ವಗಳು ಹೊರಬಂದು ತಮ್ಮ ಮಾಂಸವನ್ನೇ ಕರಗಿಸೋಕೆ ಶುರು ಮಾಡುತ್ತವೆ. ಇದಕ್ಕೆ ಸೂಕ್ಷ್ಮಜೀವಿಯೇ ಬೇಕಿಲ್ಲ.

ಆಮೇಲೆ ಹೊಟ್ಟೆಯ ಸರದಿ. ಬೆಳೆದ ಹಸುವಿನ ಮೊದಲ ಹೊಟ್ಟೆ, ಅಂದರೆ ರೂಮೆನ್, ನೂರು ಲೀಟರಿಗೂ ಹೆಚ್ಚು ಹಿಡಿಯುವ ಹುದುಗಿನ ತೊಟ್ಟಿ. ಅದರ ಒಂದೊಂದು ಹನಿಯಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಬದುಕಿದ್ದಾಗ ಅಲ್ಲಿ ಹುಟ್ಟುವ ಗಾಳಿಯನ್ನು ಹಸು ತೇಗಿ ಹೊರಹಾಕುತ್ತೆ. ಸತ್ತ ಮೇಲೆ ತೇಗು ನಿಲ್ಲುತ್ತೆ, ಹುದುಗು ನಿಲ್ಲಲ್ಲ. ನಮ್ಮ ಬೇಸಿಗೆಯಲ್ಲಿ ಬೆಳಗ್ಗೆ ಸತ್ತ ದನ ಸಂಜೆಗೆಲ್ಲ ತಮಟೆಯಂತೆ ಉಬ್ಬೋದು ಇದಕ್ಕೇ. ಉಬ್ಬಿದ ಕೂಡಲೇ ‘ವಿಷ ಹಾಕಿದ್ದಾರೆ’ ಅಂತ ಜಗಳ ತೆಗೆಯಬೇಡಿ. ಸತ್ತ ಮೇಲಿನ ಉಬ್ಬರ ಮೆಲುಕು ಹಾಕುವ ಎಲ್ಲ ಪ್ರಾಣಿಗಳಿಗೂ ಸಹಜ.

ಮುಂದೆ ಕರುಳಿನ ಬ್ಯಾಕ್ಟೀರಿಯಾ ಗೋಡೆ ದಾಟಿ ರಕ್ತನಾಳಗಳಲ್ಲಿ ಹರಡುತ್ತವೆ. ಗಾಳಿ ಬೇಡದ ಕ್ಲಾಸ್ಟ್ರಿಡಿಯಂ ಜಾತಿಯವು ಇಲ್ಲಿ ಮೇಸ್ತ್ರಿಗಳು. ಮಾಂಸದ ಸಸಾರಜನಕ ಒಡೆದು ಹೈಡ್ರೋಜನ್ ಸಲ್ಫೈಡ್, ಅಮೋನಿಯಾ, ಪ್ಯೂಟ್ರೆಸಿನ್, ಕಡಾವೆರಿನ್ ಹುಟ್ಟುತ್ತವೆ. ಹೆಣದ ನಾತ ಅಂತ ನಾವು ಹೇಳೋದು ಇವೆಲ್ಲದರ ಮಿಶ್ರಣ. ಹೊರಗೆ ಬಿದ್ದ ಹೆಣವಾದರೆ ಅಷ್ಟರೊಳಗೆ ನೊಣ ಬಂದು ಮೊಟ್ಟೆ ಇಟ್ಟಾಗಿರುತ್ತೆ. ಹುಳುಗಳ ರಾಶಿ ಎಷ್ಟು ಜೋರಾಗಿ ತಿನ್ನುತ್ತದೆಂದರೆ ಅವುಗಳ ಚಟುವಟಿಕೆಯಿಂದಲೇ ಆ ಜಾಗ ಬಿಸಿಯಾಗುತ್ತೆ.

ಹೂತರೆ ನೊಣ ಇಲ್ಲ, ಗಾಳಿ ಕಮ್ಮಿ. ಹಾಗಾಗಿ ಕೊಳೆಯೋದೂ ನಿಧಾನ. 19ನೇ ಶತಮಾನದ ಜರ್ಮನ್ ವೈದ್ಯ ಕ್ಯಾಸ್ಪರ್ ಇದಕ್ಕೊಂದು ಅಂದಾಜು ಹೇಳಿದ್ದ: ಬಯಲಲ್ಲಿ ಒಂದು ವಾರದಲ್ಲಿ ಆಗುವಷ್ಟು ಕೊಳೆತ ನೀರಿನಲ್ಲಿ ಎರಡು ವಾರ, ಮಣ್ಣಿನಡಿ ಎಂಟು ವಾರ ಹಿಡಿಯುತ್ತೆ ಅಂತ. ನಿಖರ ಲೆಕ್ಕವಲ್ಲ, ಆದರೆ ದಿಕ್ಕು ಸರಿ.

ಈ ನಡುವೆ ಹೆಣದಿಂದ ಇಳಿದ ರಸದಲ್ಲಿ ಸಾರಜನಕ ವಿಪರೀತ. ಮೊದಲು ಅಲ್ಲಿನ ಹುಲ್ಲು ಸುಟ್ಟು ಸಾಯುತ್ತೆ. ತಿಂಗಳುಗಳು ಕಳೆದ ಮೇಲೆ ಅದೇ ಜಾಗದಲ್ಲಿ ಎಲ್ಲಕ್ಕಿಂತ ದಟ್ಟವಾಗಿ ಚಿಗುರುತ್ತೆ. ಅದಕ್ಕೇ ಹೂತ ದಿನವೇ ಮೇಲೆ ಸಸಿ ನೆಡೋದು ಬೇಡ. ಒಂದು ವರ್ಷ ಬಿಡಿ, ಇಲ್ಲವೇ ಗುಂಡಿಯಿಂದ ಆರೇಳು ಅಡಿ ಪಕ್ಕಕ್ಕೆ ನೆಡಿ. ಬೇರು ತಾನೇ ಹುಡುಕಿಕೊಂಡು ಹೋಗುತ್ತೆ.

ಗುಂಡಿ ಎಲ್ಲಿ, ಹೇಗೆ

ಸೋಪಿನಂಥ ಆ ಬಿಳಿ ಮುದ್ದೆಗೆ ಕಾರಣ ನೀರು. ಗಾಳಿಯಿಲ್ಲದ ಒದ್ದೆ ಗುಂಡಿಯಲ್ಲಿ ಬ್ಯಾಕ್ಟೀರಿಯಾಗಳು ಕೊಬ್ಬನ್ನು ಮೇಣದಂಥ ಗಟ್ಟಿ ಪದಾರ್ಥವಾಗಿ ಮಾರ್ಪಡಿಸುತ್ತವೆ. ಒಮ್ಮೆ ಹಾಗಾದರೆ ಅದು ವರ್ಷಗಟ್ಟಲೆ ಕರಗಲ್ಲ. ಅಂದರೆ ನೀರು ನಿಲ್ಲುವ ಕಡೆ ಹೂತರೆ ನೀವು ಹೆಣವನ್ನು ಕೊಳೆಸುತ್ತಿಲ್ಲ, ಕಾಪಿಡುತ್ತಿದ್ದೀರಿ. ಜೊತೆಗೆ ಅಂತರ್ಜಲವೂ ಕೆಡುತ್ತೆ. ಎತ್ತರದ, ನೀರು ಬಸಿಯುವ ಜಾಗ ಆರಿಸಿ. ಬಾವಿ, ಬೋರ್‌ವೆಲ್, ಹಳ್ಳದಿಂದ ಕನಿಷ್ಠ 100 ಅಡಿ, ಜಾಗ ಇದ್ದರೆ ಇನ್ನೂ ದೂರ. ಮಳೆಗಾಲದಲ್ಲಿ ನೀರು ಏರುವ ಮಟ್ಟಕ್ಕಿಂತ ಗುಂಡಿಯ ತಳ ಮೇಲಿರಲಿ. ಹೆಣದ ಮೇಲೆ ಮೂರು ನಾಲ್ಕು ಅಡಿ ಮಣ್ಣು ಬಿದ್ದು, ಮೇಲೆ ದಿಬ್ಬದಂತೆ ಏರಿರಬೇಕು. ಒಳಗೆ ಕೊಳೆತಂತೆ ಮಣ್ಣು ಕುಸಿಯುತ್ತೆ, ಸಮ ಮಾಡಿದ್ದರೆ ಅಲ್ಲಿ ಹೊಂಡವಾಗಿ ಮಳೆನೀರು ನಿಲ್ಲುತ್ತೆ. ನಾಯಿಗಳು ಕೆದಕದಂತೆ ಮುಳ್ಳು ಹೊದಿಸಿ.

ಸುಣ್ಣದ ಬಗ್ಗೆ ಒಂದು ಮಾತು. ಸುಣ್ಣ ಸುರಿದರೆ ಹೆಣ ಬೇಗ ಕರಗುತ್ತೆ ಅಂತಾರೆ. ನಿಜ ಅದಕ್ಕೆ ಉಲ್ಟಾ. ಸುಣ್ಣ ವಾಸನೆ ತಗ್ಗಿಸುತ್ತೆ, ನೊಣ ದೂರ ಇಡುತ್ತೆ. ಆದರೆ ಕೊಳೆಸುವ ಸೂಕ್ಷ್ಮಜೀವಿಗಳನ್ನೂ ತಡೆಯೋದರಿಂದ ಕೊಳೆತ ನಿಧಾನವಾಗುತ್ತೆ. ಉಪ್ಪಿನ ಮೂಟೆಯಂತೂ ಬೇಡವೇ ಬೇಡ. ಮೀನಿಗೆ ಉಪ್ಪು ಹಾಕೋದು ಕೆಡದಿರಲಿ ಅಂತ ಅಲ್ಲವೇ?

ಕೋಳಿ, ಮೇಕೆ, ಸತ್ತು ಹುಟ್ಟಿದ ಕರು ಇಂಥವಕ್ಕೆ ಗುಂಡಿಗಿಂತ ಕಾಂಪೋಸ್ಟ್ ರಾಶಿ ಎಷ್ಟೋ ಮೇಲು. ಎರಡು ಅಡಿ ದಪ್ಪ ಒಣ ಹಾಸು ಹಾಕಿ. ಮರದ ಹೊಟ್ಟು, ಕಬ್ಬಿನ ರವದಿ, ಅಡಿಕೆ ಸಿಪ್ಪೆ ಯಾವುದಾದರೂ ಸರಿ. ಹೆಣ ಮಧ್ಯದಲ್ಲಿಟ್ಟು ಸುತ್ತಲೂ ಮೇಲೂ ಮತ್ತೆರಡು ಅಡಿ ಅದನ್ನೇ ಮುಚ್ಚಿ. ಗಾಳಿ ಆಡುವ ಕಾರಣ ರಾಶಿ 55ರಿಂದ 65 ಡಿಗ್ರಿ ಸೆಲ್ಸಿಯಸ್ ತನಕ ಕಾಯುತ್ತೆ, ಬಹುಪಾಲು ರೋಗಾಣು ಅಷ್ಟಕ್ಕೇ ಸಾಯುತ್ತವೆ. ದೊಡ್ಡ ದನಕ್ಕೂ ಆಗುತ್ತೆ, ಆರು ತಿಂಗಳಿಗೂ ಹೆಚ್ಚು ಬೇಕು, ರಾಶಿಯೂ ದೊಡ್ಡದು ಬೇಕು. ಯಾವ ಕಾಯಿಲೆಯಿಂದ ಸತ್ತಿತು ಅಂತ ಗೊತ್ತಿಲ್ಲದಿದ್ದರೆ ಮಾತ್ರ ಇದಕ್ಕೆ ಕೈ ಹಾಕಬೇಡಿ.

ಕೊಯ್ಯಲೇಬಾರದ ಹೆಣ

ಹಿಂದಿನ ದಿನ ಚೆನ್ನಾಗಿ ಮೇದ ದನ ಬೆಳಗ್ಗೆ ಸತ್ತು ಬಿದ್ದಿದೆ. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದೆ. ಮೈ ಸರಿಯಾಗಿ ಸೆಡೆತಿಲ್ಲ. ಹೀಗಿದ್ದರೆ ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಅಂತ ಮೊದಲು ಅನುಮಾನಿಸಿ.

ಈ ರೋಗದ ಬ್ಯಾಕ್ಟೀರಿಯಾ ಹೆಣದೊಳಗೆ ಇರುವಾಗ ಮೆತ್ತನೆಯದು. ಗಾಳಿ ತಾಗದ ಹಾಗೆ ಹೆಣ ಇಡಿಯಾಗಿದ್ದರೆ, ಕೊಳೆಸುವ ಬ್ಯಾಕ್ಟೀರಿಯಾಗಳ ಪೈಪೋಟಿಯಲ್ಲಿ ಅದು ಕೆಲವೇ ದಿನಗಳಲ್ಲಿ ಸಾಯುತ್ತೆ. ಕೊಳೆಯೋದೇ ಇಲ್ಲಿ ನಮ್ಮ ರಕ್ಷಣೆ. ಆದರೆ ಚರ್ಮ ಸುಲಿದೋ, ಹೊಟ್ಟೆ ಕೊಯ್ದೋ ಗಾಳಿ ತಾಗಿಸಿದರೆ ಅದು ಗಟ್ಟಿ ಕವಚದ ಬೀಜಾಣುವಾಗಿ ಬದಲಾಗುತ್ತೆ. ಆ ಬೀಜಾಣು ಬಿಸಿಲು, ಬರ, ಮಳೆ ಎಲ್ಲ ದಾಟಿ ದಶಕಗಳ ಕಾಲ ಮಣ್ಣಿನಲ್ಲಿ ಕಾಯುತ್ತೆ. ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ದ್ವೀಪದಲ್ಲಿ 1942ರಲ್ಲಿ ಬ್ರಿಟಿಷ್ ಸೇನೆ ಕುರಿಗಳ ಮೇಲೆ ಇದನ್ನು ಪ್ರಯೋಗಿಸಿತ್ತು. ಮಣ್ಣಿಗೆಲ್ಲ ಫಾರ್ಮಾಲ್ಡಿಹೈಡ್ ಸುರಿದು ತೊಳೆದ ಮೇಲೆ, 1990ರಲ್ಲಷ್ಟೇ ಆ ದ್ವೀಪ ಸುರಕ್ಷಿತ ಅಂತ ಘೋಷಣೆಯಾಯಿತು. ಹತ್ತಿರ ಹತ್ತಿರ ಅರ್ಧ ಶತಮಾನ. ನಿಮ್ಮ ಗೋಮಾಳಕ್ಕೆ ಹಾಗೆ ತೊಳೆಯುವವರು ಯಾರೂ ಬರಲ್ಲ.

ಹಾಗಾಗಿ ಸುಲಿಯಬೇಡಿ, ಕೊಯ್ಯಬೇಡಿ, ಎಳೆದುಕೊಂಡು ಹೋಗಬೇಡಿ, ನಾಯಿ ಹತ್ತಿರ ಬಿಡಬೇಡಿ. ಪಶುವೈದ್ಯರಿಗೆ ಅಥವಾ 1962ಕ್ಕೆ ಫೋನ್ ಮಾಡಿ. ಅವರು ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡುತ್ತಾರೆ. ಸುಡಬೇಕೋ, ಆಳವಾಗಿ ಹೂಳಬೇಕೋ, ರಕ್ತ ಬಿದ್ದ ಮಣ್ಣನ್ನು ಏನು ಮಾಡಬೇಕು ಅಂತ ಅವರೇ ಹೇಳಲಿ. ಉಳಿದ ದನಗಳಿಗೆ ಲಸಿಕೆಯೂ ಅವರ ಕೈಲೇ ಇದೆ. ಅಂಥ ದನ ಮುಟ್ಟಿದವರ ಕೈ ಮೇಲೆ ನೋವಿಲ್ಲದ, ನಡುವೆ ಕಪ್ಪಾದ ಹುಣ್ಣು ಎದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ದನ ಸತ್ತ ವಿಷಯ ಡಾಕ್ಟರಿಗೆ ಹೇಳಿ. ಬೇಗ ಹೋದರೆ ವಾಸಿಯಾಗುವ ಕಾಯಿಲೆ ಇದು.

ಹಿಂದೆ ಹೆಣ ಮುಗಿಸುವ ಕೆಲಸ ರಣಹದ್ದುಗಳದ್ದಾಗಿತ್ತು. ದನಕ್ಕೆ ಕೊಡುತ್ತಿದ್ದ ನೋವಿನ ಔಷಧ ಡೈಕ್ಲೋಫಿನಾಕ್ ಹೆಣದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿ ದೇಶದಲ್ಲಿ ಅವುಗಳ ಸಂತತಿಯನ್ನೇ ಬಹುಪಾಲು ಅಳಿಸಿತು. 2006ರಲ್ಲಿ ದನಗಳಿಗೆ ಅದರ ಬಳಕೆ ನಿಷೇಧವಾಯಿತು. ರಾಮನಗರದ ರಾಮದೇವರ ಬೆಟ್ಟದ ಸುತ್ತಮುತ್ತ ಇರುವವರು ನೋವಿನ ಇಂಜೆಕ್ಷನ್ ಹಾಕಿಸುವಾಗ ಮೆಲಾಕ್ಸಿಕ್ಯಾಮ್ ಕೇಳಿ ಹಾಕಿಸಿ. ಹದ್ದಿಗೆ ಅದರಿಂದ ತೊಂದರೆಯಿಲ್ಲ.

ಎಲುಬು ಉಳಿಯುವ ಮಣ್ಣು

ಮಾಂಸ ಹೋದ ಮೇಲೆ ಎಲುಬು. ಇದರಲ್ಲಿ ಸುಮಾರು ಮೂರನೇ ಎರಡು ಭಾಗ ಸುಣ್ಣ ಮತ್ತು ರಂಜಕದ ಖನಿಜ, ಉಳಿದದ್ದು ಹೆಚ್ಚಾಗಿ ಕೊಲಾಜೆನ್ ಎಂಬ ನಾರು. ನಾರನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ, ಖನಿಜವನ್ನು ಹುಳಿ ಕರಗಿಸುತ್ತೆ. ಮಲೆನಾಡು, ಕರಾವಳಿಯ ಮಳೆ ತೊಳೆದ ಮಣ್ಣಿನಲ್ಲಿ ರಸಸಾರ ಐದರ ಆಸುಪಾಸು. ಅಲ್ಲಿ ಎಲುಬು ಬಾಳಲ್ಲ. ಎರೆಮಣ್ಣಿನಲ್ಲಿ ಎಂಟು, ಅದಕ್ಕೂ ಮೇಲೆ. ಅಲ್ಲಿ ಖನಿಜ ಕರಗೋದೇ ಇಲ್ಲ. ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅಗೆಸಿದಾಗ, ಸುಮಾರು 4000 ವರ್ಷದ ಹಿಂದಿನ ದನಗಾಹಿಗಳು ಸಗಣಿ ಸುಟ್ಟು ಮಾಡಿದ ಬೂದಿದಿಬ್ಬದ ಜೊತೆಗೆ ಅವರ ದನಗಳ ಎಲುಬೂ ಸಿಕ್ಕಿದ್ದವು.

ಆದರೆ ಉಳಿದ ಎಲುಬೆಲ್ಲ ಪಳೆಯುಳಿಕೆಯಲ್ಲ. ಹೆಣ ಬಿದ್ದ ಸ್ವಲ್ಪ ಕಾಲದಲ್ಲೇ ಕೆಸರೋ ಮರಳೋ ಮುಚ್ಚಬೇಕು. ಆಮೇಲೆ ಖನಿಜ ತುಂಬಿದ ಅಂತರ್ಜಲ ಎಲುಬಿನ ಸಣ್ಣ ತೂತುಗಳಲ್ಲಿ ಹರಿದು, ಒಳಗೆ ಸುಣ್ಣ, ಸಿಲಿಕಾ, ಕಬ್ಬಿಣ ಕೂಡಿಡಬೇಕು. ವಿಚಿತ್ರ ಏನೆಂದರೆ ಇಲ್ಲೂ ಸೂಕ್ಷ್ಮಜೀವಿಗಳ ಕೈವಾಡ ಇದೆ. ಗಾಳಿಯಿಲ್ಲದ ಕೆಸರಿನಲ್ಲಿ ಅವು ಹೆಣವನ್ನು ತಿನ್ನುತ್ತಿದ್ದಂತೆ ಸುತ್ತಲಿನ ನೀರಿನ ಗುಣ ಬದಲಾಗಿ ಖನಿಜಗಳು ಅಲ್ಲೇ ಹರಳುಗಟ್ಟುತ್ತವೆ. ತಿನ್ನಲು ಬಂದವರೇ ಅಚ್ಚು ಹೊಯ್ದು ಹೋದ ಹಾಗೆ.

ಎರೆ ಹೊಲದವರು ಬೈಯ್ಯುವ ಸುಣ್ಣದ ಹರಳುಕಲ್ಲು ಗೊತ್ತಲ್ಲ? ಅಂಥದೇ ಸುಣ್ಣ ಕಟ್ಟಿದ ಮಣ್ಣು ನರ್ಮದಾ ಕಣಿವೆಯಿಂದ ಗುಜರಾತಿನ ತನಕ, ದಖ್ಖನ್ ಲಾವಾದ ಅಡಿಯಲ್ಲಿ ಕಲ್ಲಾಗಿ ಕೂತಿದೆ. ಲಮೇಟಾ ಶಿಲೆ ಅಂತಾರೆ, ಸುಮಾರು 7 ಕೋಟಿ ವರ್ಷ ಹಳೆಯದು. ಬಾಲಾಸಿನೋರ್ ಬಳಿಯ ರಾಯೋಲಿಯಲ್ಲಿ ಡೈನೋಸಾರ್ ಗೂಡುಗಳೇ ಅದರಲ್ಲಿ ಮೊಟ್ಟೆ ಸಮೇತ ಸಿಕ್ಕಿವೆ. ನನಗೆ ಇನ್ನೂ ಇಷ್ಟವಾಗೋದು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಪಿಸ್ದುರಾ. ಅಲ್ಲಿ ಸಿಕ್ಕಿದ್ದು ಕಲ್ಲಾದ ಸಗಣಿ. ಅದರೊಳಗೆ ಹುಲ್ಲಿನ ಸಿಲಿಕಾ ಕಣಗಳಿದ್ದವು ಅಂತ ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತಿತರರು 2005ರಲ್ಲಿ ತೋರಿಸಿದರು. ಡೈನೋಸಾರ್ ಕಾಲಕ್ಕೆ ಹುಲ್ಲೇ ಇರಲಿಲ್ಲ ಅಂತ ಅಲ್ಲಿಯವರೆಗೆ ಬಹಳ ಜನ ನಂಬಿದ್ದರು. ಭತ್ತದ ಬಳಗಕ್ಕೆ ಸೇರಿದ ಹುಲ್ಲೂ ಅದರಲ್ಲಿತ್ತು ಅನ್ನೋದು ಆಮೇಲೆ ತಿಳಿಯಿತು. ಸಗಣಿ ಸುಲಭಕ್ಕೆ ಉಳಿಯುವ ವಸ್ತುವಲ್ಲ, ಆದರೂ ಉಳಿದಿದೆ.

ಇನ್ನು ದಕ್ಷಿಣ ಕರ್ನಾಟಕದ ಹೊಲದಲ್ಲಿ ಬಾವಿ ತೋಡುವಾಗ ಡೈನೋಸಾರ್ ಸಿಗಬಹುದೇ ಅಂದರೆ, ಇಲ್ಲ. ನಮ್ಮ ಕಣಶಿಲೆ, ಪಟ್ಟೆಶಿಲೆಗಳು ಹೆಚ್ಚಿನವು 250 ಕೋಟಿ ವರ್ಷಕ್ಕೂ ಹಳೆಯವು. ಅವು ಹುಟ್ಟಿದಾಗ ಪ್ರಾಣಿಗಳೇ ಇರಲಿಲ್ಲ.

ಎಲುಬಿನ ಗೊಬ್ಬರ ಕೊಳ್ಳುವ ಮುನ್ನ

ಎಲುಬು ಎಲ್ಲಿ ಕರಗುತ್ತೋ ಅಲ್ಲಿ ಮಾತ್ರ ಅದು ಗೊಬ್ಬರ. ಹುಳಿ ಮಣ್ಣಿನ ಅಡಿಕೆ, ಕಾಫಿ, ಮೆಣಸಿಗೆ ಎಲುಬಿನ ಪುಡಿ ನಿಧಾನವಾಗಿ ರಂಜಕ ಬಿಡುತ್ತೆ, ಹಾಕಿ. ರಸಸಾರ ಏಳು ದಾಟಿದ ಹೊಲಕ್ಕೆ ಹಾಕಿದರೆ ದುಡ್ಡನ್ನು ಹೂತಂತೆಯೇ. ಶಿಲಾರಂಜಕಕ್ಕೂ ಇದೇ ಮಾತು. ಉದಯಪುರದ ಝಾಮರ್‌ಕೋಟ್ರಾದಲ್ಲಿ ಗಣಿ ಮಾಡುವ ಶಿಲಾರಂಜಕ ಬಹುಪ್ರಾಚೀನ ಸೂಕ್ಷ್ಮಜೀವಿಗಳ ಪದರಗಳಲ್ಲಿ ಕೂಡಿಟ್ಟ ರಂಜಕ. ಅದೂ ಕರಗೋಕೆ ಹುಳಿ ಬೇಕು. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ರಸಸಾರ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಕೊಳ್ಳುವುದಾದರೆ ಆವಿಯಲ್ಲಿ ಬೇಯಿಸಿದ ಎಲುಬಿನ ಪುಡಿಯನ್ನೇ ಕೇಳಿ. ಚೀಲದ ಮೇಲೆ ಕನಿಷ್ಠ 22 ಶೇಕಡಾ ರಂಜಕ ಅಂತ ಬರೆದಿರಬೇಕು. ಹಸಿ ಎಲುಬಿನ ಪುಡಿ ಅಗ್ಗ, ಆದರೆ ಹಿಂದೆ ಇಂಥ ಪುಡಿಯ ಜೊತೆಗೇ ನೆರಡಿಯ ಬೀಜಾಣು ದೇಶದಿಂದ ದೇಶಕ್ಕೆ ಹೋಗಿದ್ದಿದೆ. ಹೊಲದಲ್ಲಿ ಸಿಕ್ಕ ಎಲುಬನ್ನು ಆರಿಸಿ ಮನೆಯಲ್ಲೇ ಕುಟ್ಟಿ ಹಾಕುವವರಿದ್ದಾರೆ. ಆ ದನ ಯಾವುದರಿಂದ ಸತ್ತಿತ್ತು ಅಂತ ಎಲುಬು ನೋಡಿ ಹೇಳೋಕಾಗಲ್ಲ, ಅದನ್ನು ಅಲ್ಲೇ ಬಿಡಿ.