ವಿಶ್ವವಿದ್ಯಾಲಯದ ನೆರೆಯ ಪೇಟೆಯಲ್ಲಿ ರಸ್ತೆಬದಿ ವಾಹನ ನಿಲುಗಡೆ: ಒಂದು ಅಧ್ಯಯನ

ಮಳಿಗೆಗೆ ಬಾಡಿಗೆಯುಂಟು, ದಾಸ್ತಾನಿಗೆ ಬಡ್ಡಿಯುಂಟು. ಆದರೆ ಮಳಿಗೆಯ ಮುಂದಿನ ರಸ್ತೆಯಂಚಿಗೆ ಲೆಕ್ಕವಿಡುವ ವರ್ತಕರು ವಿರಳ. ಗ್ರಾಹಕನು ಒಳಗೆ ಬರುವನೋ ಮುಂದೆ ಸಾಗುವನೋ ಎಂಬುದು ಅನೇಕ ವೇಳೆ ಆ ಅಂಚಿನಲ್ಲಿಯೇ ನಿರ್ಧಾರವಾಗುತ್ತದೆ.

ವಿಶ್ವವಿದ್ಯಾಲಯದ ಸಮೀಪದ ಬಡಾವಣೆಗಳಲ್ಲಿ ಈ ಸ್ಥಳಕ್ಕೆ ಮೂರು ವರ್ಗದವರು ಪೈಪೋಟಿ ನಡೆಸುತ್ತಾರೆ. ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ ಬೆಳಿಗ್ಗೆಯೇ ಬಂದು ದೀರ್ಘಕಾಲ ವಾಹನ ನಿಲ್ಲಿಸುತ್ತಾರೆ. ನಿವಾಸಿಗಳಿಗೆ ಮನೆಯ ಮುಂದೆ ಸ್ಥಳ ಬೇಕು. ಗ್ರಾಹಕನು ತಡವಾಗಿ ಬರುತ್ತಾನೆ. ಅವನಿಗೆ ಅರ್ಧ ಗಂಟೆ ಸಾಕು, ಆದರೆ ಅಷ್ಟು ಹೊತ್ತಿಗೆ ಸ್ಥಳ ಉಳಿದಿರುವುದಿಲ್ಲ. ಉದಾಹರಣೆಗೆ, ಹತ್ತು ಗಂಟೆಗಳ ವ್ಯಾಪಾರದ ದಿನದಲ್ಲಿ ಒಂದು ಸ್ಥಳವನ್ನು ಐದೈದು ಗಂಟೆ ನಿಲ್ಲುವ ವಾಹನಗಳು ಆಕ್ರಮಿಸಿದರೆ ಅದರ ಉಪಯೋಗ ಇಬ್ಬರಿಗೆ ಮಾತ್ರ. ಅರ್ಧ ಗಂಟೆಯ ಗ್ರಾಹಕರಿಗೆ ದೊರೆತರೆ ಅದೇ ಸ್ಥಳದಿಂದ 20 ಮಂದಿಗೆ ಅನುಕೂಲ.

ವೆಸ್ಟ್‌ವುಡ್ ವಿಲೇಜ್‌ನ ಲೆಕ್ಕ

ಈ ವಿಷಯದಲ್ಲಿ ಅತ್ಯಂತ ವಿವರವಾದ ಅಧ್ಯಯನಗಳಲ್ಲಿ ಒಂದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ, ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡಿರುವ ವೆಸ್ಟ್‌ವುಡ್ ವಿಲೇಜ್ ಎಂಬ ಪೇಟೆಯಲ್ಲಿ ನಡೆಯಿತು. ಅದನ್ನು ನಡೆಸಿದವರು ಅದೇ ವಿಶ್ವವಿದ್ಯಾಲಯದ ನಗರ ಯೋಜನಾ ಪ್ರಾಧ್ಯಾಪಕ ಡೊನಾಲ್ಡ್ ಶೂಪ್. 2025ರಲ್ಲಿ ನಿಧನರಾದ ಅವರು ಉಚಿತ ನಿಲುಗಡೆಯ ನೈಜ ವೆಚ್ಚವನ್ನು ಕುರಿತು 2005ರಲ್ಲಿ ಬೃಹತ್ ಗ್ರಂಥವನ್ನೇ ಪ್ರಕಟಿಸಿದ್ದರು.

1980ರ ದಶಕದ ಆ ಅಧ್ಯಯನದಲ್ಲಿ ಕಂಡುಬಂದ ಅಂಶಗಳು ಇವು. 15 ಬ್ಲಾಕ್‌ಗಳ ಪೇಟೆಯಲ್ಲಿ ಮೀಟರ್ ಇದ್ದ ರಸ್ತೆಬದಿ ಸ್ಥಳಗಳು 470. ಪ್ರತಿ ಸ್ಥಳವನ್ನು ದಿನಕ್ಕೆ ಸರಾಸರಿ 17 ಕಾರುಗಳು ಬಳಸುತ್ತಿದ್ದವು. ಅಂದರೆ ದಿನಕ್ಕೆ ಸುಮಾರು 8,000 ಕಾರುಗಳು. ಸ್ಥಳ ಹುಡುಕಲು ಚಾಲಕನೊಬ್ಬನಿಗೆ ಬೇಕಾಗುತ್ತಿದ್ದುದು ಸರಾಸರಿ 3.3 ನಿಮಿಷ; ಅವನು ಸುತ್ತುತ್ತಿದ್ದುದು ಅರ್ಧ ಮೈಲಿ. ಒಬ್ಬನ ಮಟ್ಟಿಗೆ ಇದು ಅಲ್ಪವೇ. ಆದರೆ 8,000 ಕಾರುಗಳ ಅರ್ಧರ್ಧ ಮೈಲಿ ಕೂಡಿದರೆ ದಿನವೊಂದಕ್ಕೆ ಸುಮಾರು 4,000 ಮೈಲಿಗಳ ವ್ಯರ್ಥ ಸಂಚಾರವಾಗುತ್ತದೆ. ವರ್ಷಕ್ಕೆ ಇದು 9,50,000 ಮೈಲಿಗಳೆಂದು ಶೂಪ್ ಅಂದಾಜು ಮಾಡಿದರು. ಪೇಟೆಯ ರಸ್ತೆ ಗಿಜಿಗುಟ್ಟುತ್ತಿದ್ದರೂ ಅದೆಲ್ಲವೂ ವ್ಯಾಪಾರದ ಸಂಚಾರವಲ್ಲವೆಂಬುದು ಇದರಿಂದ ಸ್ಪಷ್ಟ.

ದರ ತಗ್ಗಿಸಿದುದರ ಪರಿಣಾಮ

ಅಗ್ಗದ ನಿಲುಗಡೆಯಿಂದ ವ್ಯಾಪಾರ ಚುರುಕಾಗುವುದೆಂದು ವೆಸ್ಟ್‌ವುಡ್‌ನ ವರ್ತಕರು ಮತ್ತು ಕಟ್ಟಡ ಮಾಲೀಕರು ವಾದಿಸಿದರು. ಅದರಂತೆ 1994ರಲ್ಲಿ ಮೀಟರ್ ದರವನ್ನು ಗಂಟೆಗೆ 1 ಡಾಲರ್‌ನಿಂದ 50 ಸೆಂಟ್‌ಗೆ ಇಳಿಸಲಾಯಿತು. ಖಾಸಗಿ ನಿಲುಗಡೆ ತಾಣಗಳಲ್ಲಿ ದರ ಇದಕ್ಕಿಂತ ಬಹಳ ಹೆಚ್ಚಿದ್ದುದರಿಂದ ಚಾಲಕರು ರಸ್ತೆಬದಿಯ ಅಗ್ಗದ ಸ್ಥಳವನ್ನೇ ಅರಸುತ್ತಿದ್ದರು. ಅದೇ ವರ್ಷದ ಸಮೀಕ್ಷೆಯ ಪ್ರಕಾರ ದಟ್ಟಣೆಯ ವೇಳೆಯಲ್ಲಿ ರಸ್ತೆಬದಿ ಸ್ಥಳಗಳು ಶೇ. 96ರಷ್ಟು ತುಂಬಿದ್ದರೆ, ಕಟ್ಟಡಗಳೊಳಗಿನ ಮತ್ತು ಮೈದಾನಗಳ ಸ್ಥಳಗಳು ತುಂಬಿದ್ದುದು ಶೇ. 68ರಷ್ಟು ಮಾತ್ರ. ಪೇಟೆಯಲ್ಲಿ ಇದ್ದುದು ಸ್ಥಳದ ಕೊರತೆಯಲ್ಲ, ದರದ ಅಸಮತೋಲನ.

ಹಳೆಯ ಪ್ಯಾಸಡೀನಾದ ಮಾರ್ಗ

ಅದೇ ಲಾಸ್ ಏಂಜಲೀಸ್ ಕೌಂಟಿಗೆ ಸೇರಿದ ಪ್ಯಾಸಡೀನಾ ನಗರದ ಹಳೆಯ ಪೇಟೆಯಲ್ಲಿ ಮೊದಲು ಮೀಟರ್ ಇರಲಿಲ್ಲ. ಎರಡು ಗಂಟೆಗಳ ಮಿತಿ ಮಾತ್ರವಿತ್ತು. ಅಂಗಡಿಗಳ ನೌಕರರೇ ಉತ್ತಮ ಸ್ಥಳಗಳಲ್ಲಿ ಕಾರು ನಿಲ್ಲಿಸಿ, ದಂಡ ತಪ್ಪಿಸಿಕೊಳ್ಳಲು ಆಗಾಗ್ಗೆ ಸ್ಥಳ ಬದಲಿಸುತ್ತಿದ್ದರು. ಗ್ರಾಹಕರ ಸ್ಥಳವನ್ನು ಕಬಳಿಸುತ್ತಿದ್ದವರು ಹೊರಗಿನವರಲ್ಲ!

ಮೀಟರ್ ಪ್ರಸ್ತಾಪವನ್ನು ಅಲ್ಲಿನ ವರ್ತಕರೂ ಮೊದಲು ವಿರೋಧಿಸಿದರು. ಸಂಗ್ರಹವಾದ ಹಣವನ್ನು ಆ ಪೇಟೆಗೇ ವಿನಿಯೋಗಿಸಲು ನಗರಾಡಳಿತ ಒಪ್ಪಿದ ಮೇಲೆ ಅವರ ನಿಲುವು ಬದಲಾಯಿತು. 1993ರಲ್ಲಿ ಮೀಟರ್‌ಗಳು ಬಂದವು. ಈ ಆದಾಯದ ಭರವಸೆಯ ಮೇಲೆ 50 ಲಕ್ಷ ಡಾಲರ್ ಸಾಲ ಪಡೆದು ಕಾಲುದಾರಿ, ದೀಪ, ಮರ, ಆಸನ ಹಾಗೂ ಹಿಂದಿನ ಓಣಿಗಳನ್ನು ಸುಧಾರಿಸಲಾಯಿತು. ಪೇಟೆಯ ಮಾರಾಟ ತೆರಿಗೆಯ ಆದಾಯ ಶೀಘ್ರವಾಗಿ ಏರಿತು. ರಸ್ತೆಬದಿ ಸ್ಥಳಗಳು ತುಂಬಿರುತ್ತಿದ್ದ ಪ್ರಮಾಣ ಸರಾಸರಿ ಶೇ. 83. ಶೂಪ್ ಸೂಚಿಸಿದ ಆದರ್ಶ ಪ್ರಮಾಣವೂ ಸುಮಾರು ಶೇ. 85, ಅಂದರೆ ಪ್ರತಿ ಸಾಲಿನಲ್ಲಿ ಒಂದೆರಡು ಸ್ಥಳಗಳು ಸದಾ ಖಾಲಿ ಇರಬೇಕು. ವೆಸ್ಟ್‌ವುಡ್‌ನಲ್ಲಾದರೋ ಮೀಟರ್ ಹಣ ನಗರದ ಸಾಮಾನ್ಯ ಬೊಕ್ಕಸಕ್ಕೆ ಸೇರುತ್ತಿದ್ದುದರಿಂದ ದರ ಏರಿಕೆಯಲ್ಲಿ ವರ್ತಕರಿಗೆ ಲಾಭವೇನೂ ಕಾಣುತ್ತಿರಲಿಲ್ಲ.

ಪೇಟೆಯ ಏಳುಬೀಳಿಗೆ ನಿಲುಗಡೆಯೊಂದೇ ಕಾರಣವಲ್ಲ. ಆದರೆ ದರವಿದ್ದ ಮಾತ್ರಕ್ಕೆ ಗ್ರಾಹಕರು ದೂರವಾಗುತ್ತಾರೆಂಬ ಭಯ ನಿಜವಾಗಲಿಲ್ಲವೆಂಬುದು ಗಮನಾರ್ಹ.

ನಿವಾಸಿಗಳ ಪಾಲು

ಮುಖ್ಯ ರಸ್ತೆಯಲ್ಲಿ ಮಾತ್ರ ಶುಲ್ಕ ವಿಧಿಸಿದರೆ ವಾಹನಗಳು ಮನೆಗಳ ಸಾಲಿಗೆ ನುಗ್ಗುತ್ತವೆ. ಆದುದರಿಂದ ಅಡ್ಡರಸ್ತೆಗಳನ್ನು ಒಳಗೊಳ್ಳದ ಯೋಜನೆ ಅಪೂರ್ಣ. ಟೆಕ್ಸಾಸ್ ವಿಶ್ವವಿದ್ಯಾಲಯದ ಪಕ್ಕದಲ್ಲಿರುವ ಆಸ್ಟಿನ್ ನಗರದ ವೆಸ್ಟ್ ಕ್ಯಾಂಪಸ್ ಬಡಾವಣೆಯಲ್ಲಿ ಮೀಟರ್ ಆದಾಯದ ಒಂದು ಭಾಗವನ್ನು ಬಡಾವಣೆಯ ಕಾಲುದಾರಿ ಮತ್ತು ಮರಗಳಿಗೆ ಮೀಸಲಿಡುವ ಪ್ರಯೋಗ ನಡೆಯಿತು. 2011ರಲ್ಲಿ ಆ ನಗರವು ಇದನ್ನು ನಿಯಮವಾಗಿಯೇ ಅಂಗೀಕರಿಸಿತು.

ಕರ್ನಾಟಕದಲ್ಲಿಯೂ ಈ ವಿಚಾರ ಅಪರಿಚಿತವಲ್ಲ. ಬೆಂಗಳೂರಿನ ಪಾರ್ಕಿಂಗ್ ನೀತಿ 2.0ಕ್ಕೆ ರಾಜ್ಯ ಸರ್ಕಾರ 2021ರಲ್ಲಿ ಅನುಮೋದನೆ ನೀಡಿತು. ಪ್ರದೇಶವಾರು ನಿಲುಗಡೆ ಯೋಜನೆಗಳು ಮತ್ತು ನಿವಾಸಿಗಳಿಗೆ ಶುಲ್ಕಸಹಿತ ಪರವಾನಗಿ ಅದರಲ್ಲಿ ಸೇರಿವೆ.

ವರ್ತಕರ ಸಂಘಗಳು ಕೈಗೊಳ್ಳಬಹುದಾದ ಕ್ರಮಗಳು

1. ಮೊದಲು ಎಣಿಕೆ: ಕಾಲೇಜು ನಡೆಯುವ ಒಂದು ದಿನ ಮತ್ತು ರಜೆಯ ಒಂದು ದಿನ, ಗಂಟೆಗೊಮ್ಮೆ ರಸ್ತೆಯ ಎರಡೂ ಬದಿಗಳ ವಾಹನಗಳ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಬೇಕು. ಯಾವ ವಾಹನ ಎಷ್ಟು ಹೊತ್ತು ನಿಂತಿತೆಂಬುದು ಇದರಿಂದ ತಿಳಿಯುತ್ತದೆ. ದ್ವಿಚಕ್ರ ವಾಹನಗಳನ್ನು ಪ್ರತ್ಯೇಕವಾಗಿ ಎಣಿಸಬೇಕು.

2. ಮಾಲೀಕರ ಹಾಗೂ ನೌಕರರ ವಾಹನಗಳಿಗೆ ಹಿಂಬದಿಯಲ್ಲಿ ಅಥವಾ ಸ್ವಲ್ಪ ದೂರದಲ್ಲಿ ಸ್ಥಳ ಗೊತ್ತುಪಡಿಸಬೇಕು. ಇದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ.

3. ಸರಕು ಇಳಿಸಲು ಮತ್ತು ಏರಿಸಲು ವೇಳೆ ಹಾಗೂ ಸ್ಥಳ ನಿಗದಿಯಾಗಬೇಕು.

4. ಶುಲ್ಕ ತುಂಬುವಿಕೆಯನ್ನು ಅನುಸರಿಸಬೇಕು: ಶೇ. 85ನ್ನು ಮೀರಿದಾಗ ಏರಿಸಿ, ಬಹಳ ತಗ್ಗಿದಾಗ ಇಳಿಸಬೇಕು. ರಜಾದಿನಗಳಲ್ಲಿ ವಿಶ್ವವಿದ್ಯಾಲಯ ಖಾಲಿಯಾಗುವುದರಿಂದ ವರ್ಷವಿಡೀ ಒಂದೇ ದರ ಸೂಕ್ತವಲ್ಲ.

5. ಆದಾಯದ ನಿರ್ದಿಷ್ಟ ಪಾಲು ಅದೇ ರಸ್ತೆಗೆ ಮರಳುವಂತೆ ಸ್ಥಳೀಯ ಸಂಸ್ಥೆಯಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಲೆಕ್ಕವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು.

ಉಚಿತ ನಿಲುಗಡೆಗಾಗಿ ಮನವಿ ಸಲ್ಲಿಸುವುದು ಸುಲಭ. ಆದರೆ ಉಚಿತ ಸ್ಥಳವು ಮೊದಲು ಬಂದವನ ಪಾಲಾಗುತ್ತದೆ, ಮತ್ತು ವಿಶ್ವವಿದ್ಯಾಲಯದ ನೆರೆಯಲ್ಲಿ ಮೊದಲು ಬರುವವನು ಗ್ರಾಹಕನಲ್ಲ. ಸಂಘಗಳು ಮನವಿಗೆ ಮುನ್ನ ಎಣಿಕೆ ನಡೆಸಿದರೆ ಸದಸ್ಯರ ಹಿತ ಹೆಚ್ಚು ಸುರಕ್ಷಿತ.